ಯಳಂದೂರಿನವಳೆಂದು ಬರೆಸಿದ್ದು

ಕೊಳ್ಳೇಗಾಲದಲ್ಲಿ ಬಸ್ಸು ನಿಲ್ಲುವ ಜಾಗದ ಎದುರು, ಬೀಡಿ ಅಂಗಡಿಯ ಪಕ್ಕದ ಜಗಲಿಯಲ್ಲಿ, ನಾನು ಹತ್ತು ಹನ್ನೆರಡು ವರ್ಷ ಮೇಜು ಹಾಕಿಕೊಂಡು ಕೂತಿದ್ದೆ. ಕೆಲಸಕ್ಕೆ ಅರ್ಜಿ ಬರೆದುಕೊಡುತ್ತಿದ್ದೆ ಎಂದು ಮಕ್ಕಳಿಗೆ ಹೇಳಿದ್ದೇನೆ. ಅದು ಅರ್ಧ ನಿಜ. ಅರ್ಜಿ ಬರೆಯುವ ಮೊದಲು, ಎದುರಿಗೆ ನಿಂತವರು ಯಾವ ಕೆಲಸಕ್ಕೆ ಹೋಗಬೇಕು, ಯಾವ ಪರೀಕ್ಷೆಗೆ ಕೂರಬೇಕು, ಯಾವ ಊರಿಗೆ ಹೊರಡಬೇಕು ಎಂಬುದನ್ನೂ ನಾನೇ ಹೇಳುತ್ತಿದ್ದೆ. ಕೇಳಿದವರು ಹಾಗೆಯೇ ನಡೆಯುತ್ತಿದ್ದರು. ಇಷ್ಟು ವರ್ಷ ನಾನು ಬಾಯಿ ಬಿಡದ ಮಾತು ಆ ಇನ್ನರ್ಧದ್ದು.

ನನ್ನ ಮೇಜಿನ ಎದುರು ನಿಲ್ಲುತ್ತಿದ್ದ ಬಸ್ಸಿನ ಡ್ರೈವರನಿಗೆ ಲೈಸೆನ್ಸ್ ಇತ್ತು. ಕಂಡಕ್ಟರನ ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ ಇತ್ತು. ಆಸ್ಪತ್ರೆಯ ಕಾಂಪೌಂಡರು ಪರೀಕ್ಷೆ ಮುಗಿಸಿ ಬಂದವರು. ಅಂಗಡಿಯ ತೂಕದ ಕಲ್ಲಿಗೂ ಸರ್ಕಾರದ ಮುದ್ರೆ ಬೀಳಬೇಕಿತ್ತು. ಆದರೆ ಒಬ್ಬ ಮನುಷ್ಯನ ಮುಂದಿನ ಮೂವತ್ತು ವರ್ಷ ಹೀಗೆ ಕಳೆಯಲಿ ಎಂದು ಹೇಳುವುದಕ್ಕೆ ಯಾವ ಮುದ್ರೆಯೂ ಬೇಕಿರಲಿಲ್ಲ. ಬಿಳಿ ಷರಟು, ಪೆನ್ನು, ತಕ್ಕಮಟ್ಟಿಗೆ ಇಂಗ್ಲಿಷು ಮತ್ತು ತಮಿಳು, ಹಳೆಯ ಗೆಜೆಟ್ಟುಗಳ ಒಂದು ಕಟ್ಟು, ಇಷ್ಟಿದ್ದರೆ ಸಾಕಾಗಿತ್ತು. ಆ ಗೆಜೆಟ್ಟುಗಳು ರೇಷ್ಮೆ ವ್ಯಾಪಾರಿಯ ಅಂಗಡಿಯಲ್ಲಿ ಸೀರೆ ಸುತ್ತಲು ತಂದಿಟ್ಟಿದ್ದ ರದ್ದಿಯಿಂದ ಆರಿಸಿಕೊಂಡವು. ಯಾವ ವರ್ಷದ್ದೆಂದು ನಾನೇ ಸರಿಯಾಗಿ ನೋಡುತ್ತಿರಲಿಲ್ಲ. ನನ್ನ ಎಸ್.ಎಸ್.ಎಲ್.ಸಿ. ಪುಸ್ತಕ ಮನೆಯ ಪೆಟ್ಟಿಗೆಯ ಅಡಿಯಲ್ಲಿತ್ತು. ಕಾಲೇಜಿಗೆ ಅರ್ಹ ಎಂಬ ಮಾತು ಅದರಲ್ಲಿರಲಿಲ್ಲ. ದಿನವೂ ಹತ್ತು ಜನರ ಸರ್ಟಿಫಿಕೇಟನ್ನು ತಿರುವಿ ಹಾಕುತ್ತಿದ್ದ ನನ್ನನ್ನು, ನಿನ್ನದು ತೋರಿಸು ಎಂದು ಯಾರೂ ಕೇಳಲಿಲ್ಲ.

ಬೀಡಿ ಅಂಗಡಿಯವನು ಮಾತ್ರ ಹಾಸ್ಯ ಮಾಡುತ್ತಿದ್ದ. ಮಧುವನಹಳ್ಳಿಯ ಕಡೆಯಿಂದ ಯಾವನಾದರೂ ಪಂಚೆ ಮಡಿಸಿ ಕಟ್ಟಿಕೊಂಡು ನನ್ನ ಮುಂದೆ ನಿಂತರೆ, “ಅಲ್ಲೇ ನಿಂತ್ಕ ಕಣ್ಲಾ, ಅವರ ತಾವು ಬರುಸ್ಕಂಡ್ರೆ ಕಲೆಕ್ಟ್ರೇ ಆಯ್ತೀಯ. ಆಮೇಲೆ ಬಂದು ನನ್ತಾವೇ ಬೀಡಿ ತಕಬೇಕು, ಮರೀಬ್ಯಾಡ” ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಅದು ಹೊಗಳಿಕೆಯೆಂದೇ ನನ್ನ ಎಣಿಕೆ.

ಆಗ ನಮ್ಮ ಕೊಳ್ಳೇಗಾಲ ಮದರಾಸು ಸರ್ಕಾರಕ್ಕೆ ಸೇರಿತ್ತು. ಜಿಲ್ಲೆ ಕೊಯಮತ್ತೂರು. ಬಸ್ಸಿನಲ್ಲಿ ಸ್ವಲ್ಪ ಹೊತ್ತು ಕೂತರೆ ಸಿಗುವ ಯಳಂದೂರು ಮೈಸೂರು ಸೀಮೆ. ಮಾತು ಒಂದೇ, ಬೀಗತನ ಒಂದೇ, ಕಚೇರಿ ಮಾತ್ರ ಬೇರೆ. ಹೀಗಾಗಿ ನಮ್ಮ ಜನ ಒಂದು ರೂಢಿ ಮಾಡಿಕೊಂಡಿದ್ದರು. ಎಲ್ಲಿ ಅನುಕೂಲವೋ ಅಲ್ಲಿಯ ನೆಂಟರ ಮನೆಯನ್ನು ತಮ್ಮ ಮನೆ ಎಂದು ಬರೆಸುವುದು. ಸ್ಕೂಲಿನ ಸೀಟಿಗೆ ಯಳಂದೂರಿನ ಸೋದರಮಾವ, ಜಮೀನಿನ ಕಾಗದಕ್ಕೆ ಕೊಳ್ಳೇಗಾಲದ ದೊಡ್ಡಪ್ಪ. ಇದನ್ನು ಯಾರೂ ಸುಳ್ಳು ಎನ್ನುತ್ತಿರಲಿಲ್ಲ. ಇಂಥ ಬರೆಸುವಿಕೆಯಲ್ಲಿ ನಾನು ಬಲು ಚುರುಕು ಎಂಬ ಹೆಸರಿತ್ತು.

ಯುದ್ಧ ಮುಗಿದ ಮೇಲಿನ ಒಂದು ಬೇಸಿಗೆಯಲ್ಲಿ ನೇಕಾರರ ಬೀದಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಹತ್ತೊಂಬತ್ತು ಇಪ್ಪತ್ತು ವಯಸ್ಸು. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡು ಅಣ್ಣನ ಮನೆಗೆ ಹಿಂದಿರುಗಿದ್ದಳು. ಅಣ್ಣ ರೇಷ್ಮೆ ಸೀರೆ ನೇಯುವವನು. ಇವಳು ಅವನ ಮಗ್ಗಕ್ಕೆ ಕಂಡಿಕೆ ಸುತ್ತುತ್ತಿದ್ದಳು, ಅಂದರೆ ಲಾಳಿಯೊಳಗೆ ಹಾಕುವ ಸಣ್ಣ ಕೊಳವೆಗೆ ರಾಟೆಯಿಂದ ನೂಲು ತುಂಬುವ ಕೆಲಸ. ಎಂಟನೇ ಕ್ಲಾಸು ಪಾಸಾಗಿದ್ದಳು. ಸರ್ಟಿಫಿಕೇಟನ್ನು ರೇಷ್ಮೆಯ ಚೂರಿನಲ್ಲಿ ಸುತ್ತಿ ತಂದಿದ್ದಳು. ಉಪಾಧ್ಯಾಯಿನಿ ಆಗಬೇಕೆಂಬುದು ಅವಳ ಆಸೆ. ಹಾಗೆಂದು ಮೊದಲೇ ಹೇಳಲಿಲ್ಲ. ಅತ್ತಿಗೆಯ ಕೈಯಿಂದ ಅನ್ನ ಹಾಕಿಸಿಕೊಳ್ಳದೆ ಇರುವುದಕ್ಕೆ ಏನಾದರೂ ದಾರಿ ಇದೆಯೇ ಎಂದು ಕೇಳಿದಳು. ಆಮೇಲೆ, ಮಕ್ಕಳಿಗೆ ಪಾಠ ಹೇಳಿಕೊಡುವ ಕೆಲಸ ಸಿಕ್ಕರೆ ಸಾಕು ಎಂದಳು. ಅಣ್ಣ ಒಂದೇ ಸಲ ಬಿಡುತ್ತೇನೆ ಎಂದಿದ್ದನಂತೆ. ಎರಡು ವರ್ಷದಲ್ಲಿ ಕೆಲಸ ಹಿಡಿಯಬೇಕು, ಇಲ್ಲವಾದರೆ ಮತ್ತೆ ಹೊಸಿಲು ದಾಟುವ ಮಾತು ಎತ್ತಬಾರದು.

ನಮ್ಮ ಜಿಲ್ಲೆಯ ತರಬೇತಿ ಶಾಲೆಯಲ್ಲಿ ಪಾಠವೆಲ್ಲ ತಮಿಳು. ಅವಳು ಓದಿದ್ದು ಕನ್ನಡ, ಮನೆಯಲ್ಲಿ ಆಡುವುದು ತೆಲುಗು. ನಾನು ಗೆಜೆಟ್ಟಿನ ಕಟ್ಟನ್ನು ಒಂದೆರಡು ಸಲ ಮಗುಚಿ, ಬಹಳ ಯೋಚಿಸಿದವನ ಹಾಗೆ ಹುಬ್ಬು ಗಂಟಿಕ್ಕಿ, ಮೈಸೂರಿಗೆ ಹೋಗು ಎಂದೆ. ಅಲ್ಲಿ ಕನ್ನಡದಲ್ಲೇ ತರಬೇತಿ, ಮೈಸೂರು ಸೀಮೆಯವರಾದರೆ ಹಾಸ್ಟೆಲೂ ಸಿಗುತ್ತದೆ. ಯಳಂದೂರಿನಲ್ಲಿ ಅವಳ ಚಿಕ್ಕಮ್ಮ ಇದ್ದಳು. ಸರಿ, ಹುಟ್ಟಿ ಬೆಳೆದದ್ದು ಯಳಂದೂರು ಎಂದು ನಾನೇ ನನ್ನ ಕೈಯಾರೆ ಬರೆದೆ. ಅವಳು ಒಂದು ಗಳಿಗೆ ಪೆನ್ನು ಹಿಡಿದುಕೊಂಡೇ ಇದ್ದಳು.

“ನಾನು ಇಲ್ಲೇ ಉಟ್ಟಿದ್ದು ಅಲ್ವಾ ಸಾ?” ಎಂದಳು.

ಎಲ್ಲರೂ ಹೀಗೇ ಬರೆಸುವುದಮ್ಮ, ಸೈನು ಹಾಕು ಎಂದೆ. ಹಾಕಿದಳು. ಸೀಟು ಸಿಕ್ಕಿತು. ಹೊರಡುವ ದಿನ ನನ್ನ ಮೇಜಿನ ಮೇಲೆ ಎಲೆ, ಅಡಿಕೆ, ಎರಡು ಬಾಳೆಹಣ್ಣು ಇಟ್ಟು ನಮಸ್ಕರಿಸಿ ಬಸ್ಸು ಹತ್ತಿದಳು. ಅವಳ ಅಣ್ಣ ದೂರದಲ್ಲಿ ನಿಂತು ನೋಡುತ್ತಿದ್ದ.

ಅವಳು ಹೋದ ಹತ್ತು ದಿನಕ್ಕೆ ಹನೂರಿನ ಶಾಲೆಯ ಹೆಡ್‌ಮಾಸ್ಟರೊಬ್ಬರು ಬಸ್ಸಿಗೆ ಕಾಯುತ್ತ ನನ್ನ ಜಗಲಿಯಲ್ಲಿ ಕೂತರು. ವಯಸ್ಸಾದವರು, ಕೊಡೆ ಇಲ್ಲದೆ ಹೊರಗೆ ಕಾಲಿಡದವರು. ಅವರ ಶಾಲೆಗೆ ಹೆಣ್ಣುಮಕ್ಕಳಿಗೆ ಪಾಠ ಹೇಳುವವರು ಬೇಕಾಗಿದ್ದರು, ಸಿಗುತ್ತಿಲ್ಲ ಎಂದರು. ನಾನು ಎದೆಯುಬ್ಬಿಸಿ, ಎರಡು ವರ್ಷ ತಡೆಯಿರಿ, ನಾನೇ ಒಬ್ಬಳನ್ನು ಕಳಿಸಿಕೊಡುತ್ತೇನೆ ಎಂದು ನಡೆದದ್ದನ್ನೆಲ್ಲ ಹೇಳಿದೆ. ಹೊಗಳುತ್ತಾರೆಂದು ಕಾದೆ. ಅವರು ಕೊಡೆಯನ್ನು ಗೋಡೆಗೆ ಒರಗಿಸಿಟ್ಟು ನನ್ನ ಕಡೆ ತಿರುಗಿದರು.

ಆ ಹುಡುಗಿ ಎರಡು ಕಡೆಯೂ ಸಲ್ಲದಂತಾಗುತ್ತಾಳೆ ಎಂದರು. ಮೈಸೂರಿನ ಸರ್ಟಿಫಿಕೇಟು ನಮ್ಮ ಜಿಲ್ಲಾ ಬೋರ್ಡಿನ ಶಾಲೆಗೆ ನಡೆಯುವುದಿಲ್ಲ. ಅದರ ಮೇಲೆ, ತಾನು ಈ ಊರಿನವಳೇ ಅಲ್ಲ ಎಂದು ಅವಳೇ ಸೈನು ಹಾಕಿದ್ದಾಳೆ. ಅತ್ತ ಮೈಸೂರಿನವರು ಕೆಲಸ ಕೊಡುವ ಮುಂಚೆ ಊರಿಗೆ ಕಾಗದ ಬರೆದು ವಿಚಾರಿಸುತ್ತಾರೆ. ಯಳಂದೂರಿನ ಶಾನುಭೋಗರು, ಇಂಥವಳು ನಮ್ಮ ಊರವಳಲ್ಲ ಎಂದು ಬರೆದರೆ ಅಲ್ಲಿಗೆ ಮುಗಿಯಿತು.

“ಅಲ್ಲಯ್ಯ, ಮಂಗಳೂರು ಯಾರ್ದು? ನಮ್ಮ ಮದರಾಸು ಸರ್ಕಾರದ್ದೇ ಅಲ್ವಾ? ಅಲ್ಲಿ ಕನ್ನಡದಲ್ಲೇ ಟ್ರೇನಿಂಗ್ ಕೊಡ್ತಾರೆ. ಈ ತಿಂಗಳು ಮುಗಿಯೋವರ್ಗೂ ಅರ್ಜಿ ತಗೋತಾರೆ. ಇವತ್ತೇ ಒಂದು ಕಾರ್ಡು ಹಾಕಿ ಕರೆಸ್ಕೊ” ಎಂದರು.

ಮಂಗಳೂರು ನನಗೆ ಹೊಳೆದೇ ಇರಲಿಲ್ಲ. ಘಟ್ಟದಾಚೆಯ ಊರು, ಸಮುದ್ರದ ಊರು ಎಂದಷ್ಟೇ ಗೊತ್ತಿತ್ತು. ಅದೂ ನಾವೂ ಒಂದೇ ಸರ್ಕಾರದವರು ಎಂಬುದನ್ನು ಶಾಲೆಯ ನಕ್ಷೆಯಲ್ಲಿ ನೋಡಿದ್ದೆ, ಮರೆತಿದ್ದೆ. ಬಸ್ಸು ಬಂತು. ಹೆಡ್‌ಮಾಸ್ಟರು ಏಳುತ್ತ ಮೆಲ್ಲಗೆ ಕೇಳಿದರು: “ಈ ಕೆಲಸ ನಿಂಗೆ ಯಾರು ಕಲಿಸಿದ್ದು?”

ಗದರಿಸುವ ದನಿ ಅದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದಂತಿತ್ತು. ನಾನು ಅವರ ಕೊಡೆಯನ್ನು ಎತ್ತಿಕೊಟ್ಟೆ.

ಅಂದು ಸಂಜೆಯೇ ಅಂಚೆ ಕಚೇರಿಗೆ ಹೋಗಿ ಕಾರ್ಡು ತಂದೆ. ಅವಳ ಹಾಸ್ಟೆಲಿನ ವಿಳಾಸ ನನ್ನ ಬಳಿ ಇತ್ತು. ಮೇಜಿನ ಮೇಲೆ ಕಾರ್ಡನ್ನು ಇಟ್ಟುಕೊಂಡು ಕೂತೆ. ಏನೆಂದು ಬರೆಯಲಿ? ನಾನು ಹೇಳಿದ್ದು ತಪ್ಪು, ಹಿಂದಕ್ಕೆ ಬಾ ಎಂದು ಬರೆದರೆ, ಅವಳು ಪೆಟ್ಟಿಗೆ ಹೊತ್ತುಕೊಂಡು ನನ್ನ ಜಗಲಿಯ ಮುಂದೆಯೇ ಬಸ್ಸಿನಿಂದ ಇಳಿಯುತ್ತಾಳೆ. ಬೀಡಿ ಅಂಗಡಿಯವನು ನೋಡುತ್ತಾನೆ. ನೇಕಾರರ ಬೀದಿಗೆಲ್ಲ ತಿಳಿಯುತ್ತದೆ. ಆ ವಾರ ಗೋಪಿನಾಥಂ ಕಡೆಯಿಂದ ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಅರ್ಜಿ ಬರೆಸಲು ಐದಾರು ಜನ ಬರುವವರಿದ್ದರು. ನಾಳೆ ಬರೆಯೋಣ ಎಂದುಕೊಂಡೆ. ಮೂರನೆಯ ದಿನ ಒಬ್ಬ ಮುದುಕ ಬಂದು, ಪಾಲಾರಿನ ಆಚೆ ಇರುವ ಮಗಳಿಗೆ ಕಾಗದ ಬರೆದುಕೊಡಿ ಎಂದ. ಕಾರ್ಡು ತಂದಿದ್ದೀಯಾ ಎಂದೆ. ಇಲ್ಲ ಎಂದ. ಅವಳಿಗೆಂದು ಇಟ್ಟಿದ್ದ ಕಾರ್ಡನ್ನು ಎಳೆದುಕೊಂಡು ಅದರಲ್ಲೇ ಬರೆದುಕೊಟ್ಟೆ. ಮತ್ತೊಂದು ಕಾರ್ಡು ತರಲಿಲ್ಲ. ತಿಂಗಳು ಮುಗಿಯಿತು.

ತಿಳಿಯದೆ ಕೊಟ್ಟ ಸಲಹೆಗೆ ಕ್ಷಮೆ ಇರಬಹುದು. ತಿಳಿದ ಮೇಲೆ ಸುಮ್ಮನೆ ಕೂತ ಆ ಇಪ್ಪತ್ತು ದಿನಕ್ಕೆ ಏನಿದೆಯೋ ನನಗೆ ಗೊತ್ತಿಲ್ಲ.

ಎರಡು ವರ್ಷದಲ್ಲಿ ಅವಳು ತರಬೇತಿ ಮುಗಿಸಿದಳು. ಚೆನ್ನಾಗಿಯೇ ಪಾಸಾದಳೆಂದು ಕೇಳಿದೆ. ಆಮೇಲೆ ಹೆಡ್‌ಮಾಸ್ಟರು ಹೇಳಿದ ಹಾಗೆಯೇ, ಅಕ್ಷರವೂ ತಪ್ಪದೆ ನಡೆಯಿತು. ಹನೂರಿನ ಶಾಲೆಯಲ್ಲಿ ಜಾಗ ಖಾಲಿಯೇ ಇತ್ತು, ಹೆಡ್‌ಮಾಸ್ಟರಿಗೂ ಮನಸ್ಸಿತ್ತು, ಆದರೆ ಅವರ ಕೈಯಲ್ಲಿ ಇರಲಿಲ್ಲ. ಅರ್ಜಿ ಹಿಂದಕ್ಕೆ ಬಂತು. ಮೈಸೂರು ಕಡೆ ವಿಚಾರಣೆಯ ಕಾಗದ ಯಳಂದೂರಿಗೆ ಹೋಯಿತು. ಶಾನುಭೋಗರು ಇದ್ದದ್ದನ್ನು ಇದ್ದಂತೆ ಬರೆದರು. ಅವರು ಬೇರೆ ಏನು ಬರೆಯಬೇಕಿತ್ತು?

ಅವಳು ಅಣ್ಣನನ್ನು ಕರೆದುಕೊಂಡು ನನ್ನಲ್ಲಿಗೆ ಬಂದದ್ದು ಸಂತೆಯ ದಿನ. ಜನ ತುಂಬಿದ್ದರು. ಅಣ್ಣ ನೇರವಾಗಿ ಕೇಳಿದ, ಇದರಲ್ಲಿ ತಪ್ಪು ಯಾರದು ಎಂದು. ತಂಗಿ ಸುಳ್ಳು ಬರೆದಳೆಂದು ಸರ್ಕಾರದವರು ಹೇಳುತ್ತಿದ್ದಾರೆ, ನಮ್ಮ ಮನೆತನದಲ್ಲಿ ಇಂಥದ್ದು ಇರಲಿಲ್ಲ ಎಂದ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಒಂದು ಮಾತು ಹೇಳುತ್ತೇನೆಂದು ನಂಬಿಯೇ ಅಣ್ಣನನ್ನು ಕರೆತಂದಿದ್ದಳು.

ನಾನು ಕನ್ನಡಕ ಒರೆಸಿಕೊಂಡು, ನಾನು ಹೇಳಿದ ಹಾಗೆ ಬರೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದೆ.

“ನೀವೇ ಬರ್ದಿದ್ದು ಸಾ” ಎಂದಳು. “ನಾನು ಸೈನ್ ಹಾಕ್ದೆ.”

ಮೈಸೂರಿಗೆ ಹೋದ ಮೇಲೆ ಬೇರೆ ಫಾರಂ ತುಂಬಿರುತ್ತೀಯಮ್ಮ, ಅದರಲ್ಲಿ ಎಡವಟ್ಟಾಗಿರಬೇಕು ಎಂದೆ. ತುಂಬಿದ್ದು ನಿಜವೇ ಆಗಿತ್ತು. ಅಲ್ಲಿಯೂ ಬರೆದದ್ದು ನಾನು ಹೇಳಿಕೊಟ್ಟದ್ದನ್ನೇ ಎಂದು ಅಷ್ಟು ಜನರೆದುರು ಅವಳು ಹೇಗೆ ವಾದ ಮಾಡಿಯಾಳು? ಅಣ್ಣ ತಲೆ ಅಲ್ಲಾಡಿಸಿ ನಡೆದ. ಅವಳು ಎರಡು ಹೆಜ್ಜೆ ಹೋದವಳು ತಿರುಗಿ ಬಂದು, ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

“ಕೆಲ್ಸ ಓದ್ರೆ ಓಗ್ಲಿ ಸಾ. ನಾನು ಸುಳ್ಳಿ ಅಲ್ಲ ಅಂತ ನಮ್ಮಣ್ಣನ ಮುಂದ ಒಂದ್ ಮಾತು ಯೋಳಿ. ಮನೇಗೇ ಬಂದು ಯೋಳಿ, ಇಲ್ಲಿ ಬ್ಯಾಡ.”

ಬರುತ್ತೇನೆ ಎಂದೆ. ಹೋಗಲಿಲ್ಲ.

ನೇಕಾರರ ಬೀದಿಯಲ್ಲಿ ಅವಳಿಗೆ ಯಳಂದೂರವ್ವ ಎಂಬ ಹೆಸರು ಬಿತ್ತು. ಮೊದಲು ಅತ್ತಿಗೆ ಕರೆದಳಂತೆ, ಆಮೇಲೆ ಬೀದಿಯ ಮಕ್ಕಳೂ. ಅವಳು ಮತ್ತೆ ಕಂಡಿಕೆ ಸುತ್ತುವುದಕ್ಕೆ ಕೂತಳು. ಅಣ್ಣ ಅವಳ ಕೈಯಿಂದ ಕಂಡಿಕೆ ತೆಗೆದುಕೊಳ್ಳುತ್ತಿದ್ದ, ಮಾತಾಡುತ್ತಿರಲಿಲ್ಲ. ಇದೆಲ್ಲ ನನಗೆ ಬೀಡಿ ಅಂಗಡಿಯವನಿಂದ ತಿಳಿಯುತ್ತಿತ್ತು. ಅವನು ಈ ಸುದ್ದಿ ಹೇಳುವಾಗ ಹಾಸ್ಯ ಮಾಡುತ್ತಿರಲಿಲ್ಲ. ನಾನು ಆ ಬೀದಿಯಲ್ಲಿ ಓಡಾಡುವುದನ್ನು ಬಿಟ್ಟೆ, ಸುತ್ತು ಬಳಸಿ ಹೋಗುತ್ತಿದ್ದೆ. ಅರ್ಜಿ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಇನ್ನೂ ಎಷ್ಟು ಜನರಿಗೆ ಹೀಗೆ ಮಾಡಿದೆನೋ, ಹಿಂದಿರುಗಿ ಬಂದು ಹೇಳಿದವಳು ಅವಳೊಬ್ಬಳೇ.

ಏಳೆಂಟು ವರ್ಷ ಕಳೆದ ಮೇಲೆ, ನಮ್ಮ ಸೀಮೆ ಮೈಸೂರಿಗೆ ಸೇರುತ್ತದೆ ಎಂಬ ಮಾತು ಬಸ್ಸು, ಸಂತೆ, ಕಚೇರಿ ಎಲ್ಲೆಡೆ ಹಬ್ಬಿತು. ಸೇರಿದರೆ ಅವಳ ಸರ್ಟಿಫಿಕೇಟು ಇಲ್ಲಿಯೂ ನಡೆಯುತ್ತದೆ ಎಂದು ನನಗೆ ಹೊಳೆಯಿತು. ಆ ಸುದ್ದಿಯ ಜೊತೆಗೆ ತಪ್ಪೊಪ್ಪಿಗೆಯನ್ನೂ ಹೇಳಿಬಿಟ್ಟರೆ ಭಾರ ಕಡಿಮೆಯಾದೀತು ಎಂಬ ಲೆಕ್ಕ. ಆಗಲೂ ನನ್ನ ಅನುಕೂಲವನ್ನೇ ನೋಡಿದೆ. ಒಂದು ಬೆಳಿಗ್ಗೆ ಅವರ ಮನೆಯ ಬಾಗಿಲಲ್ಲಿ ನಿಂತೆ.

ಅಣ್ಣ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಅವಳು ಗೋಡೆಯ ಬದಿಗೆ ರಾಟೆ ತಿರುಗಿಸುತ್ತಿದ್ದಳು. ಕೂದಲು ಅಲ್ಲಲ್ಲಿ ನರೆತಿತ್ತು. ನಾನು ಸೇರ್ಪಡೆಯ ಸುದ್ದಿ ಹೇಳಿದೆ. ಅವಳು ರಾಟೆ ನಿಲ್ಲಿಸದೆ, ಹೊಸದಾಗಿ ಕೆಲಸಕ್ಕೆ ಸೇರುವುದಕ್ಕೆ ಇಷ್ಟು ವಯಸ್ಸು ಎಂದು ಇದೆ, ತನಗೆ ಅದು ಹೋದ ವರ್ಷವೇ ದಾಟಿತು ಎಂದಳು. ಅದು ನನಗೆ ಗೊತ್ತಿರಬೇಕಾಗಿತ್ತು. ಆ ಕೆಲಸ ಮಾಡುವವನಿಗೆ ಮೊದಲು ಗೊತ್ತಿರಬೇಕಾದದ್ದೇ ಅದು.

ಆಮೇಲೆ ಅಣ್ಣನ ಕಡೆ ತಿರುಗಿ ಎಲ್ಲವನ್ನೂ ಹೇಳಿದೆ. ಯಳಂದೂರು ಎಂದು ಬರೆದವನು ನಾನು, ತಪ್ಪೆಂದು ತಿಳಿದ ಮೇಲೂ ತಿಳಿಸದೆ ಇದ್ದವನು ನಾನು, ಸಂತೆಯ ದಿನ ಸುಳ್ಳು ಹೇಳಿದವನೂ ನಾನು. ಅವನು ಲಾಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ.

“ಅವತ್ತು ಅವ್ಳು ಬರ್ದಿದ್ದು ತಪ್ಪು ಅಂದ್ರಿ. ಇವತ್ತು ಅವ್ಳ್ದು ತಪ್ಪಿಲ್ಲ ಅಂತೀರಿ” ಎಂದ. “ನಾನು ಯಾವ್ದ ನಂಬ್ಲಿ ಸಾ? ಕಾಗ್ದ ಗೀಗ್ದ ಏನಾರ ಇದ್ದದಾ?”

ಅವನು ವ್ಯಂಗ್ಯವಾಗಿ ಕೇಳಲಿಲ್ಲ. ಜೀವನವಿಡೀ ಜನರಿಂದ ಕಾಗದ ಕೇಳಿದವನು ನಾನು. ನನ್ನ ಕೈಬರಹದ ಅರ್ಜಿ ಮೈಸೂರಿನ ಯಾವುದೋ ಕಚೇರಿಯಲ್ಲಿತ್ತು. ತೋರಿಸಬಹುದಾಗಿದ್ದ ಕಾಗದ ಒಂದೇ, ಅವಳಿಗೆ ಬರೆಯಬೇಕಾಗಿದ್ದ ಆ ಕಾರ್ಡು. ಅದು ಯಾರದೋ ಮಗಳ ಮನೆಯಲ್ಲಿ ಎಂದೋ ಹರಿದುಹೋಗಿತ್ತು. ಇಲ್ಲ ಎಂದೆ.

ಅವನು ಮತ್ತೆ ನೇಯಲು ಬಾಗಿದ. ಅವಳು ತುಂಬಿದ ಕಂಡಿಕೆಯನ್ನು ತೆಗೆದು ಅವನ ಪಕ್ಕದಲ್ಲಿಟ್ಟಳು, ನನ್ನ ಕಡೆ ನೋಡಲಿಲ್ಲ. ಅಲ್ಲಿ ಇನ್ನೂ ನಿಂತಿರುವುದಕ್ಕೆ ನನಗೆ ಕಾರಣ ಸಿಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದೆ.