ಉಸ್ತಾದರು ಕೊಡಲೊಪ್ಪದ ಕೆಲಸ

ಸಿಂಧನೂರಿನಲ್ಲಿ ಎಲ್ಲರೂ ಬಸಿಗೆ ಚಹಾ ಸುರುವಿಕೊಂಡು, ಬಸಿ ಎತ್ತಿ ಕುಡಿಯುತ್ತಿದ್ದರು. ಉಸ್ತಾದರು ಮಾತ್ರ ಬಸಿಯನ್ನು ಮೇಜಿನ ಮೇಲೇ ಬಿಟ್ಟು, ತಾವೇ ಬಗ್ಗಿ ತುಟಿ ಹಚ್ಚುತ್ತಿದ್ದರು. ಬಿಳಿ ಮೀಸೆಯ ತುದಿ ಚಹಾದಲ್ಲಿ ತೊಯ್ಯುತ್ತಿತ್ತು.

"ಎಮ್ಮಿ ನೀರು ಕುಡ್ದಂಗ ಕುಡೀತೀರಲ್ರೀ" ಅಂತ ಹೋಟೆಲಿನವನು ಕಾಡಿಸಿದರೆ, "ಎಮ್ಮಿ ಹಾಲಾದ್ರೂ ಕೊಡ್ತದ, ನಾ ಏನು ಕೊಡ್ಲಿ ನಿನಗ?" ಅನ್ನುತ್ತಿದ್ದರು.

ಅವರದು ಒಂದೇ ಕೋಣೆಯ ಅಂಗಡಿ. ಕಾಲೇಜಿನ ಸೂಕ್ಷ್ಮದರ್ಶಕ, ಪ್ರಯೋಗಶಾಲೆಯ ತಕ್ಕಡಿ, ದವಾಖಾನೆಯ ಬಿ.ಪಿ. ಯಂತ್ರ, ಎಲ್ಲದರ ರಿಪೇರಿ. ಲಿಂಗಸುಗೂರು, ಮುದಗಲ್ ಕಡೆಯಿಂದ ಬಸ್ಸಿನವರ ಕೈಲಿ ಸಾಮಾನು ಬರುತ್ತಿತ್ತು. ಭತ್ತದ ಲಾರಿಗಳ ಧೂಳು ಕೂತರೆ ತಕ್ಕಡಿ ಸುಳ್ಳು ಹೇಳುತ್ತದೆಂದು ಉಸ್ತಾದರು ಕಿಟಕಿ ಹಾಕಿ, ಫ್ಯಾನು ನಿಲ್ಲಿಸಿ ಕೂಡುತ್ತಿದ್ದರು. ಅದೇ ಮುಚ್ಚಿದ ಕೋಣೆಯಲ್ಲಿ ಬಿ.ಪಿ. ಯಂತ್ರದ ಪಾದರಸವನ್ನು ತೆಳು ಬಟ್ಟೆಯಲ್ಲಿ ಬರಿಗೈಯಿಂದ ಹಿಂಡಿ ಸೋಸುತ್ತಿದ್ದರು. ಉರುಳಿದ ಹನಿಗಳನ್ನು ಅಂಗೈಯಿಂದಲೇ ಬಳಿದುಕೊಳ್ಳುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ಅಂಗಡಿ ಮಾರುತ್ತಾರೆಂಬ ಸುದ್ದಿ ಬಂತು. ನಾನು ಲಿಂಗಸುಗೂರಿನಲ್ಲಿ ಕೆಟ್ಟ ರೇಡಿಯೊ ಕೊಂಡು, ಸರಿಮಾಡಿ ಮಾರುತ್ತಾ ಮೇಲೆ ಬಂದವನು. ಹೆಂಡತಿಯ ತಮ್ಮನನ್ನು ಪಾಲುದಾರನನ್ನಾಗಿ ಮಾಡಿಕೊಂಡು ಹೋದೆ. ಉಸ್ತಾದರು ಚೌಕಾಸಿಯನ್ನೇ ಮಾಡಲಿಲ್ಲ. ನನಗೆ ಅದೇ ಅನುಮಾನ. ಕೊನೆಗೆ ಹೇಳಿದರು: "ಪಾದರಸದ ಕೆಲಸ ಮಾತ್ರ ಕೊಡಂಗಿಲ್ಲ. ಅಂಥಾವು ಬಂದ್ರ ವಾಪಸ್ ಕಳಸ್ರಿ."

ಅರ್ಧ ದಂಧೆ ನಿಂತದ್ದೇ ಅದರ ಮೇಲೆ. "ಮನ್ಯಾಗ ಕುಂತು ನೀವ ಮಾಡಾವ್ರೇನ್ರಿ?" ಅಂದೆ.

ಅವರು ಸಿಟ್ಟಾಗಲಿಲ್ಲ. ಬಸಿಗೆ ಚಹಾ ಸುರುವಿ, ಮೊದಲ ಸಲ ನಮ್ಮೆದುರು ಎತ್ತಿದರು. ತುಟಿಗೆ ಬರುವಷ್ಟರಲ್ಲಿ ಚಹಾ ಎಲ್ಲ ಅಂಗಿಯ ಮೇಲೆ.

"ಪಾದರಸ ಮೈಯಾಗ ಹೊಕ್ಕದ ಅಂತ ರಾಯಚೂರಿನ ಡಾಕ್ಟರು ಹೇಳ್ಯಾರ. ಈ ಕೈನೂ ಅಂಗಡಿ ಕೂಡ ತಗೋತೀಯೇನಲೇ ತಮ್ಮಾ?"

ವ್ಯಾಪಾರಕ್ಕೆ ಕೂಡುವವರಿಗೆ ನನ್ನದೊಂದು ಮಾತು. ಮಾರುವವನು ಏನು ಕೊಡುತ್ತಾನೆ ಅಂತ ಎಲ್ಲರೂ ಕೇಳುತ್ತಾರೆ. ಏನು ಕೊಡಂಗಿಲ್ಲ, ಯಾಕೆ ಕೊಡಂಗಿಲ್ಲ, ಅದನ್ನು ಕೇಳಿರಿ.

ಆ ಷರತ್ತಿಗೆ ಒಪ್ಪಿ ಅಂಗಡಿ ಕೊಂಡೆವು. ಉಸ್ತಾದರು ಮಸ್ಕಿಯ ಮಗಳ ಮನೆ ಸೇರಿದರು. ಆದರೂ ಪ್ರತಿ ಸೋಮವಾರ ಬಸ್ಸು ಹಿಡಿದು ಬರುವರು. ಚಹಾ ತರಿಸಿ, "ಎತ್ರಿ ನೋಡೋಣು" ಅನ್ನುವರು. ನಾವಿಬ್ಬರೂ ತುಂಬಿದ ಬಸಿ ಎತ್ತಬೇಕು. ಹನಿ ಚೆಲ್ಲದಿದ್ದರೆ, "ಹೂಂ, ಪಾದರಸ ಮುಟ್ಟಿಲ್ಲ" ಅಂದು ತಮ್ಮ ಬಸಿಗೆ ಬಗ್ಗುವರು.

ದಂಧೆ ಕುಂಟತೊಡಗಿತು. ಎಲ್ಲ ಕೆಲಸ ಒಂದೇ ಕಡೆ ಆಗುವಲ್ಲಿಗೆ ದವಾಖಾನೆಯವರು ಹೊರಳಿದರು. "ಮಾಮಾ, ಪಾದರಸದ್ದು ಒಂದೆರಡು ಮಾಡಿದ್ರ ಮುದುಕಗ ಏನು ಗೊತ್ತಾಗ್ತದ?" ಅಂದ ಹೆಂಡತಿಯ ತಮ್ಮ.

"ಸೋಮವಾರ ಬಸಿ ಎತ್ತಾಂವ ನೀನ ಅಲ್ಲೇನಲೇ?" ಅಂದೆ. ಬಂದಿದ್ದ ಬಿ.ಪಿ. ಯಂತ್ರವನ್ನು ವಾಪಸ್ ಕಳಿಸಲು ಕಟ್ಟಿಟ್ಟ.

ಕೆಲವು ವರ್ಷಗಳ ಮೇಲೆ ಒಂದು ಸೋಮವಾರ ಉಸ್ತಾದರು ಬರಲಿಲ್ಲ. ಮಸ್ಕಿಗೆ ಹೋದೆ. ಹಲ್ಲು ಉದುರಿ ಬಾಯಿ ಒಳಗೆ ಸರಿದಿತ್ತು. ಎರಡೂ ಕೈ ಹೊದಿಕೆಯ ಒಳಗೇ ಅಲ್ಲಾಡುತ್ತಿದ್ದವು. ಮಗಳು ಚಹಾ ತಂದು ಇಟ್ಟಳು. ಅವರ ಕಣ್ಣು ಬಸಿಯ ಮೇಲೆ ಹೋಯಿತು.

"ಎತ್ತು."

ಎತ್ತಿದೆ. ಅವರ ಮುಖ ನೋಡುತ್ತಾ ಎತ್ತಿದೆನಲ್ಲ, ಕೈ ನಡುಗಿತು. ಚಹಾ ಚಾಪೆಯ ಮೇಲೆ ಚೆಲ್ಲಿತು.

ಉಸ್ತಾದರು ಗಾಬರಿಯಾಗಿ ಏಳಲು ನೋಡಿದರು. "ಮುಟ್ಟೀಯೇನಲೇ?"

"ಇಲ್ರೀ ಉಸ್ತಾದ್. ನಿಮ್ಮಾಣಿ ಇಲ್ಲ."

ನಂಬಿದರೋ ಇಲ್ಲವೋ, ಗೋಡೆಯ ಕಡೆ ಹೊರಳಿ ಮಲಗಿದರು. ಮುಂದಿನ ಸೋಮವಾರದೊಳಗೆ ತೀರಿಕೊಂಡರು.

ಈಗಲೂ ದಿನಾ ಅದೇ ಮೇಜಿನ ಮುಂದೆ ಕೂತು ಬಸಿ ಎತ್ತುತ್ತೇನೆ. ಒಂದು ಹನಿಯೂ ಚೆಲ್ಲುವುದಿಲ್ಲ. ಅದನ್ನು ನೋಡಬೇಕಾದವರು ಇಲ್ಲ.