ಬಾಗಿಲು ಬಲ್ಲ ಸಾಲ್ಹಾ

"ಪೆಟ್ಟಿಗೆ ಸರಿಸಬೇಡಿ ಅಂತ ಎಷ್ಟು ಸಲ ಬಡ್ಕೊಳ್ಲಿ ಚಿಕ್ಕಮ್ಮಾ? ನಿಮ್ಮಿಂದಲೇ ಗಾಡಿಗಳು ದಾರಿ ತಪ್ತಿರೋದು!"

"ಸರಿಸದೇ ಇನ್ನೇನೋ ಮಾಡ್ಲಿ? ಖರ್ಜೂರ ಇರೋದು ಮಾರೋಕೋ, ನಿನ್ನ ನಕ್ಷೆಗೆ ಕಾವಲು ಕೂರೋಕೋ?"

ಸೋಮವಾರ, ಬೆಳಗಿನ ಐದೂವರೆ. ಮರುಭೂಮಿಯಂಚಿನ ಕೆಬಿಲಿ ಊರಿನ ಖರ್ಜೂರದ ಗೋದಾಮಿನಲ್ಲಿ ಎಂಜಿನಿಯರ್ ವಜ್ದಿ ಮತ್ತು ಕೆಲಸಗಾರ್ತಿ ಸಾಲ್ಹಾ ಎದುರುಬದುರು ನಿಂತಿದ್ದಾರೆ. ನಡುವೆ, ಬೈಸಿಕೊಂಡ ಕತ್ತೆಯಂತೆ, ಚಾಲಕನಿಲ್ಲದ ಗಾಡಿ. ಏಳನೇ ಉಗ್ರಾಣಕ್ಕೆಂದು ಹೊರಟದ್ದು ಅರ್ಧ ದಾರಿಯಿಂದ ವಾಪಸು ಬಂದಿದೆ. ದಾರಿ ತಿಳಿಯದಿದ್ದರೆ ಹೊರಟಲ್ಲಿಗೇ ಮರಳಬೇಕೆಂದು ಅದಕ್ಕೆ ಕಲಿಸಲಾಗಿದೆ.

ಸಾಲ್ಹಾಗೆ ಐವತ್ತಮೂರು. ಗಂಡ ಲಿಬಿಯಾಕ್ಕೆ ದುಡಿಯಲು ಹೋದವನು ಬರಲೇ ಇಲ್ಲ. ಹದಿನೆಂಟು ವರ್ಷದಿಂದ ಇಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದಾರೆ. ಗೋದಾಮಿಗೆ ಸೇರಿದ್ದು ಒಂಬತ್ತು ಉಗ್ರಾಣ, ಹನ್ನೆರಡು ಗಾಡಿ. ಎಲ್ಲೋ ಸಿಕ್ಕಿಕೊಂಡವನ್ನು ಹುಡುಕಿ ತರುವುದೂ ಇವರ ಪಾಲಿಗೇ. ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ನಡಿಗೆ. ಮಂಡಿ ಊದಿದೆ.

ಶನಿವಾರದೊಳಗೆ ಗಾಡಿಗಳು ಸರಿಹೋಗದಿದ್ದರೆ ಪೆಟ್ಟಿಗೆ ಸರಿಸುವ ಆರೂ ಹೆಂಗಸರನ್ನು ಮಾಲೀಕರು ಕೆಲಸದಿಂದ ಬಿಡಿಸುತ್ತಾರಂತೆ. ಪಟ್ಟಿಯಲ್ಲಿ ಮೊದಲ ಹೆಸರು ಸಾಲ್ಹಾ. ತಪ್ಪು ಯಂತ್ರದ್ದು, ಶಿಕ್ಷೆ ಹೆಂಗಸರಿಗೆ! ಇದನ್ನು ನ್ಯಾಯ ಎನ್ನುವವರ ಬಾಯಿಗೆ ಖರ್ಜೂರದ ಬೀಜ ತುರುಕಬೇಕು.

ಒಂಬತ್ತು ಉಗ್ರಾಣಕ್ಕೂ ಸೇರಿಸಿ, ಗಾಡಿಗಳಿಗೆ ದಾರಿ ತೋರಿಸಲು, ವಜ್ದಿ ಒಂದೇ ದೊಡ್ಡ ನಕ್ಷೆ ಮಾಡಿದ್ದಾನೆ. ಪೆಟ್ಟಿಗೆಯ ಸಾಲು ಒಂದು ಮೊಳ ಸರಿದರೂ ನಕ್ಷೆ ಸುಳ್ಳಾಗುತ್ತದೆ. ಸಾಲ್ಹಾ ಅವನನ್ನು ಕೂರಿಸಿ, ಚಹಾ ಕೊಟ್ಟೇ ಬೈಯುತ್ತಾರೆ.

"ನಮ್ಮಪ್ಪ ಖರ್ಜೂರದ ತೋಟಗಳಿಗೆ ನೀರು ಹಂಚೋನು ಕಣೋ. ಇಡೀ ತೋಟಾನ ತಲೇಲಿ ಹೊತ್ಕೊಂಡು ತಿರುಗ್ತಿರಲಿಲ್ಲ. ಈ ತೂಬು ಆದ್ಮೇಲೆ ಯಾವ ತೂಬು, ಅಷ್ಟೇ. ಮಿಕ್ಕಿದ್ದು ಅಲ್ಲಿಗೆ ಹೋದಾಗ ನೋಡಿದ್ರಾಯ್ತು. ಪೆಟ್ಟಿಗೆ ದಿನಾ ಓಡಾಡುತ್ತೆ. ಬಾಗಿಲು ಎದ್ದು ಹೋಗುತ್ತಾ?"

"ಗಾಡಿಗೆ ನಾಲ್ಕನೇ ಉಗ್ರಾಣಾನೂ ಏಳನೇದೂ ಒಂದೇ ಥರ ಕಾಣುತ್ತಲ್ಲ ಚಿಕ್ಕಮ್ಮಾ?"

"ನನ್ನ ತಂಗಿಯರೂ ಅವಳಿ ಜವಳಿ. ಯಾವ ಬಾಗಿಲು ದಾಟಿ ಬಂದೆ ಅಂತ ನೆನಪಿದ್ರೆ ಯಾರ ಮನೇಲಿದೀನಿ ಅಂತ ಗೊತ್ತಾಗಲ್ವೇನೋ?"

ವಜ್ದಿ ಚಹಾ ಕುಡಿಯುವುದನ್ನೂ ಮರೆಯುತ್ತಾನೆ. ಮಂಗಳವಾರದಿಂದ ಸಾಲ್ಹಾ ಒಂದೊಂದೇ ಬಾಗಿಲು ಮುಟ್ಟಿ ತೋರಿಸುತ್ತಾರೆ, ಅವನು ಬರೆದುಕೊಳ್ಳುತ್ತಾನೆ. ದೊಡ್ಡ ನಕ್ಷೆ ಹೋಯಿತು. ಈಗ ಉಗ್ರಾಣಕ್ಕೊಂದು ಪುಟ್ಟ ನಕ್ಷೆ, ಮತ್ತು ಯಾವ ಬಾಗಿಲು ಎಲ್ಲಿಗೆ ಎಂಬ ಲೆಕ್ಕ. ಪೆಟ್ಟಿಗೆ ಅಡ್ಡ ಬಂದರೆ ಗಾಡಿ ಅಲ್ಲೇ ನೋಡಿ ಬಳಸಿಕೊಂಡು ಹೋಗಬೇಕು.

ಶನಿವಾರ ಬೆಳಿಗ್ಗೆ ಆರೂ ಹೆಂಗಸರು ಸಾಲಾಗಿ ನಿಂತಿದ್ದಾರೆ. ಸಾಲ್ಹಾ ಬೇಕೆಂದೇ ದಾರಿಯಲ್ಲಿ ಸಿಗುವ ನಾಲ್ಕನೇ ಉಗ್ರಾಣದ ಪೆಟ್ಟಿಗೆಗಳನ್ನೆಲ್ಲ ಅದಲುಬದಲು ಮಾಡಿ ಬಂದಿದ್ದಾರೆ. ವಜ್ದಿ ಹಣೆ ಒರೆಸಿಕೊಳ್ಳುತ್ತಾನೆ. ಗಾಡಿ ಏಳನೆಯದಕ್ಕೆ ಹೊರಡುತ್ತದೆ.

ದಾರಿ ತಪ್ಪಿದ್ದರೆ ಐದು ನಿಮಿಷದಲ್ಲಿ ಮರಳಬೇಕು. ಐದಾಗುತ್ತದೆ. ಹತ್ತಾಗುತ್ತದೆ. ದೂರದ ಏಳನೇ ಉಗ್ರಾಣದಿಂದ ಯಾರೋ ಜೋರಾಗಿ ಸಿಳ್ಳೆ ಹಾಕುತ್ತಾರೆ. ಹೆಂಗಸರು ಹೋ ಎನ್ನುತ್ತಾರೆ.

ಸಾಲ್ಹಾ ಮಾತ್ರ ಊದಿದ ಮಂಡಿ ಚಾಚಿ ಕೂತು, ಬಾಗಿಲನ್ನೇ ನೋಡುತ್ತಾ ನಗುತ್ತಾರೆ.

"ಹೋದದ್ದು ವಾಪಸು ಬರಲಿಲ್ಲ ಅಂತ ನಾನು ಖುಷಿಪಟ್ಟಿದ್ದು ಇವತ್ತೇ ಕಣ್ರೇ."