ಅರಮನೆಯ ಗೋಡೆ ಕಾಯುವವರು

ಪುರಾತತ್ವ ಇಲಾಖೆಗೆ ಸೇರಿದ ಹಳೆಯ ಅರಮನೆಯ ಕಾವಲುಗಾರರೊಬ್ಬರ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ: ಗೋಡೆಗೆ ಒರಗುವವರು, ಒರಗದವರು. ಒರಗಿದವರು ಕಂಡರೆ ಸಾಕು, ಸೀಟಿ ಊದುತ್ತಾರೆ. ತಪಾಸಣೆಗೆ ಬಂದ ಇಲಾಖೆಯ ನಿರ್ದೇಶಕರೇ ದಣಿದು ಒರಗಿದಾಗಲೂ ಮೊದಲು ಸೀಟಿ ಊದಿ, ಆಮೇಲೆ ನಮಸ್ಕಾರ ಮಾಡಿದರು. ಮನೆಯಲ್ಲೂ ಅದೇ ಪಾಠ. "ಒರಗಬೇಡ ಕಣೇ, ಗೋಡೆ ಸವೆಯುತ್ತೆ" ಎಂದರೆ ಹೆಂಡತಿ, "ಒರಗಿದ್ರೆ ಸವೆಯೋ ಗೋಡೆಗೆ ಬಾಡಿಗೆ ಯಾಕ್ರೀ ಕೊಡ್ತೀರಿ?" ಎಂದು ಇನ್ನಷ್ಟು ಒರಗುತ್ತಾರೆ. ಆದರೆ ಕಾವಲುಗಾರರ ನಿಜವಾದ ಹಗೆ ಗೋಡೆಯ ಮೇಲೆ ಹೆಸರು ಕೆತ್ತುವವರೊಂದಿಗೆ. "ಕಟ್ಟಿಸಿದ ರಾಜನೇ ಹೆಸರು ಬರೆಸಿಲ್ಲ, ನಿಂದೇನಯ್ಯಾ?" ಎಂದು ಗದರಿ ಓಡಿಸುತ್ತಾರೆ, ರಜೆಯ ದಿನ ಗಾರೆ ಕಲಸಿಕೊಂಡು ಬಂದು ಒಂದೊಂದೇ ಹೆಸರನ್ನು ಮುಚ್ಚುತ್ತಾರೆ. ಹೋದ ತಿಂಗಳು ಹೆಂಗಸೊಬ್ಬರು ಬಂದು ಬಾವಿಯ ಪಕ್ಕದ ಗೋಡೆಯನ್ನು ಬಹಳ ಹೊತ್ತು ಸವರುತ್ತಾ ನಿಂತರು. "ಮದುವೆಗೆ ಮುಂಚೆ ನಮ್ಮನೆಯವರು ನಮ್ಮಿಬ್ಬರ ಹೆಸರು ಇಲ್ಲೇ ಕೆತ್ತಿದ್ರು. ಈಗ ಅವರಿಲ್ಲ. ಒಂದ್ಸಲ ನೋಡ್ಕೊಂಡು ಹೋಗೋಣಾಂತ ಬಂದೆ" ಎಂದರು. "ಅಳಿಸಿಬಿಟ್ಟೆನಲ್ಲಮ್ಮ" ಎಂದ ಕಾವಲುಗಾರರು ತಮ್ಮ ಕೋಣೆಗೆ ಹೋಗಿ ದಪ್ಪನೆಯ ಪುಸ್ತಕವೊಂದನ್ನು ತಂದರು. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಹೆಸರನ್ನೂ ಅಳಿಸುವ ಮುನ್ನ, ಅದರ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ, ಅಚ್ಚು ತೆಗೆದು ಆ ಪುಸ್ತಕದಲ್ಲಿ ಅಂಟಿಸಿದ್ದರು. ಹುಡುಕಿದಾಗ ಸೊಟ್ಟಸೊಟ್ಟಗೆ ಕೆತ್ತಿದ ಆ ಎರಡು ಹೆಸರುಗಳೂ ಸಿಕ್ಕವು. ಆಕೆ ಅವುಗಳ ಮೇಲೂ ಬೆರಳಾಡಿಸಿದರು. ಕಾವಲುಗಾರರು ಆ ಹಾಳೆಯನ್ನು ಮೆಲ್ಲಗೆ ಬಿಡಿಸಿ ಆಕೆಯ ಕೈಗಿಟ್ಟರು. "ತಗೊಂಡು ಹೋಗಿ ಅಮ್ಮ. ಇದನ್ನ ಕಾಯೋಕೆ ಸರ್ಕಾರವೇನೂ ನನಗೆ ಹೇಳಿರ್ಲಿಲ್ಲ."